ಸ್ವಲ್ಪ ಕಪ್ಪಾಗಿ ಮಾತಾಡಿ

ಅಕ್ಕ: ಕಪ್ಪಾಗಿ ಮಾತಾಡೋದು ಅಂದ್ರೆ ಹೇಗೆ ಸಾರ್? ಗಂಟಲಿಗೆ ಮಸಿ ಬಳ್ಕೊಂಡು ಬರ್ಲಾ?

(ಡಬ್ಬಿಂಗ್ ಸ್ಟುಡಿಯೊ. ಕಾರ್ಟೂನು ಸಿನಿಮಾಗಳ ಮಾಟಗಾತಿಯರಿಗೆಲ್ಲ ಇಪ್ಪತ್ತು ವರ್ಷದಿಂದ ಇವಳದೇ ದನಿ, ಹಾಗಾಗಿ ಎಲ್ಲರ ಬಾಯಲ್ಲೂ ಇವಳು 'ಮಾಟಗಾತಿ ಅಕ್ಕ'. ಎದುರಿಗೆ ನಿರ್ದೇಶಕ. ಅಷ್ಟೂ ವರ್ಷ ರಾಜಕುಮಾರನ ದನಿ ಅವನದು. ಹಲ್ಲುಸೆಟ್ಟು ಬಂದ ಮೇಲೂ ಪಾತ್ರ ಬಿಟ್ಟುಕೊಟ್ಟವನಲ್ಲ. ಗಾಜಿನಾಚೆ ರೆಕಾರ್ಡಿಸ್ಟ್. ಪರದೆಯ ಮೇಲೆ ರಾಜಕುಮಾರಿ ಬಾಯಿ ತೆರೆದು ನಿಂತಿದ್ದಾಳೆ.)

ನಿರ್ದೇಶಕ: ಚಾನೆಲ್‌ನವರ ಹುಕುಂ ಅಕ್ಕ. ಹಳೇ ಸಿನಿಮಾದಲ್ಲಿ ಎಲ್ಲರೂ ಬೆಳ್ಳಗಿದ್ದಾರೆ, ಜನ ಬೈತಿದ್ದಾರೆ, ವೈವಿಧ್ಯ ತನ್ನಿ ಅಂತ. ಚಿತ್ರ ತಿದ್ದೋಕಾಗಲ್ಲ. ದನಿಯಲ್ಲಾದ್ರೂ ತರೋಣ ಅಂತ.

ಅಕ್ಕ: ಅದಕ್ಕೆ ನಾನು ನೆನಪಾದೆ.

ನಿರ್ದೇಶಕ: ನಮ್ಮಲ್ಲಿ ಕಪ್ಪಗಿರೋರು ನೀವೊಬ್ರೇ ತಾನೇ?

ಅಕ್ಕ: ಒಂದೇ ಒಂದ್ಸಲ ರಾಜಕುಮಾರಿ ಕೊಡಿ ಅಂತ ಎಷ್ಟು ಅಂಗಲಾಚಿದ್ದೀನಿ! ಕಪ್ಪಗಿದ್ದೀರಿ, ಒಪ್ಪಲ್ಲ ಅಂದ್ರಿ. ಮೈಕಿಗೆ ಮುಖ ಕಾಣುತ್ತಾ ಸಾರ್?

ನಿರ್ದೇಶಕ: ಹಳೇದೆಲ್ಲ ಈಗ್ಯಾಕೆ? ಕೇಳಿದ್ದು ಸಿಕ್ತಲ್ಲ. ಹೂಂ, ಶುರು ಮಾಡಿ.

(ಅಕ್ಕ ಮೈಕಿನ ಹತ್ತಿರ ಸರಿದಳು. ಇಷ್ಟು ವರ್ಷ ಕಾದದ್ದು ಇದಕ್ಕೇ.)

ಅಕ್ಕ: "ಬಂದೆಯಾ ರಾಜಕುಮಾರ? ನಿನ್ನ ದಾರಿ ನೋಡಿ ನೋಡಿ ಕಣ್ಣು ಸೋತವು."

(ಅಪ್ಪಟ ಜೇನು. ರೆಕಾರ್ಡಿಸ್ಟ್ ಕೂಡ ತಲೆಯೆತ್ತಿ ನೋಡಿದ.)

ನಿರ್ದೇಶಕ: ಕಟ್! ಬೆಳ್ಳಗೆ ಬಂತು!

ಅಕ್ಕ: ಏನು ಬಂತು?

ನಿರ್ದೇಶಕ: ಇಷ್ಟು ಇಂಪಾಗಿದ್ರೆ ವೈವಿಧ್ಯ ಎಲ್ಲಿ ಗೊತ್ತಾಗುತ್ತೆ? ಸ್ವಲ್ಪ ಒರಟಾಗಿ, ಕಷ್ಟ ಕಂಡವರ ಥರ ಹೇಳಿ.

ಅಕ್ಕ: ಅರಮನೆ ಹುಡುಗಿಗೆ ಎಂಥ ಕಷ್ಟ?

ನಿರ್ದೇಶಕ: ಕಪ್ಪಗಿದ್ದಾಳಲ್ಲ!

ಅಕ್ಕ: ಪರದೆ ನೋಡಿ ಸಾರ್. ಸುಣ್ಣ ಹೊಡೆದ ಗೋಡೆ ಥರ ಇದ್ದಾಳೆ!

ನಿರ್ದೇಶಕ: ಕಣ್ಣಿಗೆ ಬಿಳುಪು, ಕಿವಿಗೆ ಕಪ್ಪು. ಅದೇ ಹೊಸತನ.

ಅಕ್ಕ: ನಾನು ಕಪ್ಪು ಹೆಂಗಸು, ಇದು ನನ್ನ ದನಿ. ಬೇಕಾದ್ರೆ ಇಟ್ಕೊಳ್ಳಿ, ಬೇಡ ಅಂದ್ರೆ ನಾನು ಹೊರಟೆ.

(ಬ್ಯಾಗು ಹೆಗಲಿಗೇರಿತು. ಸಂಜೆಯೊಳಗೆ ಚಾನೆಲ್‌ಗೆ ಕಳಿಸಬೇಕಿದ್ದ ನಿರ್ದೇಶಕ ಬೆವೆತುಹೋದ.)

ನಿರ್ದೇಶಕ: ಆಯ್ತು ತಾಯೀ, ಹಾಗೇ ಇರ್ಲಿ! ಮಾಟಗಾತಿ ಸೀನು ಒಂದು ಮುಗಿಸಿಕೊಡಿ, ಸಾಕು.

ಅಕ್ಕ: ಅಯ್ಯೋ, ಮಾಟಗಾತಿಗೆ ಕಪ್ಪು ಹೆಂಗಸಿನ ದನಿ ಹಾಕಿದ್ರೆ ಜನ ಸುಮ್ನೆ ಬಿಡ್ತಾರಾ?

ನಿರ್ದೇಶಕ: (ತಲೆ ಕೆರೆದುಕೊಂಡು) ಅದೂ ಹೌದು. ಮತ್ತೆ ಯಾರನ್ನ ಹಾಕೋಣ?

ಅಕ್ಕ: ಯಾರಾದ್ರೂ ಬೆಳ್ಳಗಿರೋರನ್ನ. ನಿಮಗಿಂತ ಬೆಳ್ಳಗಿರೋರು ಇಲ್ಲಿ ಯಾರಿದ್ದಾರೆ?

ನಿರ್ದೇಶಕ: (ಮೈಕು ಅದುರುವಂತೆ) ನಾನಾ? ರಾಜಕುಮಾರನಾಗಿ ಮೆರೆದ ನಾನು ಮಾಟಗಾತೀನಾ? ನಿನ್ನ ನಾಲಿಗೆ ಬಿದ್ದುಹೋಗ! ಒಬ್ಬೊಬ್ಬರನ್ನೂ ನೋಡ್ಕೋತೀನಿ, ಯಾರನ್ನೂ ಬಿಡಲ್ಲ!

(ಗಾಜಿನಾಚೆಯಿಂದ ಹೆಬ್ಬೆರಳು ಮೇಲೆದ್ದಿತು.)

ರೆಕಾರ್ಡಿಸ್ಟ್: ಟೇಕ್ ಓಕೆ ಸಾರ್! ಶುರುವಿನ ಎರಡು ಮಾತು ಕತ್ತರಿಸಿದ್ರೆ ಆಯ್ತು. ಇಪ್ಪತ್ತು ವರ್ಷದಲ್ಲಿ ಅಕ್ಕನಿಗೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ!