ಕೈ ಎತ್ತಿದವರಿಗೇ ಅಂಕ

ಚೆನ್ನೈಯ ನಮ್ಮ ವಿಮಾ ಕಚೇರಿಯಿಂದ ಒಬ್ಬರನ್ನು ಎಂಬಿಎ ಓದಲು ಕಳಿಸುತ್ತಾರೆ ಎಂದಾಗ ಮುಂದೆ ಬಂದವಳು ನಾನೊಬ್ಬಳೇ. ಆಗ ನನಗೆ ಮೂವತ್ತೆಂಟು ವರ್ಷ. ಹದಿನಾರು ವರ್ಷ ಕ್ಲೇಮು ಫೈಲುಗಳ ನಡುವೆ ಕೂತು, ಬಿದ್ದವರ, ಕಾರು ಗುದ್ದಿಸಿಕೊಂಡವರ, ಬಿದ್ದೆವೆಂದು ಸುಳ್ಳು ಹೇಳಿದವರ ಕಥೆ ಓದಿದವಳಿಗೆ ಕಾಲೇಜು ಯಾವ ಲೆಕ್ಕ? ಮ್ಯಾನೇಜರು ಹಾರ ಹಾಕಿದರು. ಮೊದಲ ಟರ್ಮಿನಲ್ಲೇ ಫೇಲಾದರೆ ಮರುದಿನ ಹಳೆಯ ಮೇಜಿಗೆ ವಾಪಸ್ ಎಂದು ನಗುನಗುತ್ತಲೇ ಹೇಳಿ ಬೀಳ್ಕೊಟ್ಟರು.

ಮೊದಲ ದಿನ ನಾನು ತರಗತಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. ಎಷ್ಟು ಸಂಸ್ಕಾರವಂತ ಮಕ್ಕಳು ಎಂದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರು ನನ್ನನ್ನು ಪ್ರೊಫೆಸರ್ ಎಂದುಕೊಂಡಿದ್ದರಂತೆ. ಅಂದಿನಿಂದ ನಾನು ಎಲ್ಲರಿಗೂ ‘ಮೇಡಂ’. ಕ್ಯಾಂಟೀನಿನಲ್ಲಿ ನಾನು ಯಾವ ಮೇಜಿಗೆ ಹೋದರೂ ಅಲ್ಲಿ ಮಾತು ನಿಲ್ಲುತ್ತಿತ್ತು. ಡಬ್ಬಿ ಬಿಚ್ಚಿ ಒಬ್ಬಳೇ ಉಣ್ಣುತ್ತಿದ್ದೆ.

ಅಲ್ಲಿ ಪಾಠವೆಂದರೆ ‘ಕೇಸ್’. ಯಾವುದೋ ಒಂದು ಕಂಪನಿಯ ಕಷ್ಟಸುಖವನ್ನು ಮನೆಯಲ್ಲಿ ಓದಿಕೊಂಡು ಬಂದು, ತರಗತಿಯಲ್ಲಿ ಅದಕ್ಕೆ ಪರಿಹಾರ ಹೇಳಬೇಕು. ಮಾತಾಡಿದವರಿಗೆ ಅಂಕ. ನಾನೋ, ಒಂದು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿ, ವ್ಯಾಕರಣ ತಿದ್ದಿ, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕಂಪನಿ ಉದ್ಧಾರವಾಗಿ ಇನ್ನೊಂದು ಕಂಪನಿ ಮುಳುಗುತ್ತಿರುತ್ತಿತ್ತು. ಎರಡು ವಾರ ತುಟಿ ಬಿಚ್ಚಲಿಲ್ಲ. ಹೀಗೇ ಸುಮ್ಮನಿದ್ದರೆ ಪಾಸಾಗುವುದು ಕಷ್ಟ ಎಂದು ಮಾರ್ಕೆಟಿಂಗ್ ಪ್ರೊಫೆಸರ್ ನನ್ನನ್ನು ಕರೆದು ಹೇಳಿಯೇಬಿಟ್ಟರು.

ನನ್ನ ಯಜಮಾನರು ಹುಬ್ಬಳ್ಳಿಯವರು, ಇಲ್ಲಿ ರೈಲ್ವೆಯಲ್ಲಿ ಕೆಲಸ. ಅವರ ಬಳಿ ಎಲ್ಲ ರೋಗಕ್ಕೂ ಮದ್ದುಂಟು.

“ನೀ ಮೊದ್ಲು ಕೈ ಎತ್ತು,” ಎಂದರು. “ಏನ್ ಹೇಳೂದಂತ ಆಮ್ಯಾಲೆ ವಿಚಾರ ಮಾಡಿದ್ರಾತು.”

ಮರುದಿನ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಕಾಲೇಜಿಗೆ ರಜೆ ಹಾಕಿದೆ. ಆ ವಾರಕ್ಕೆ ಎರಡು ಕೇಸ್ ಕೊಟ್ಟಿದ್ದರು: ಒಂದು ತೊಗರಿಬೇಳೆಯನ್ನು ಪ್ಯಾಕೆಟ್ ಮಾಡಿ ಮಾರುವ ಕಂಪನಿಯದು, ಇನ್ನೊಂದು ಚಪ್ಪಲಿ ಕಂಪನಿಯದು. ಮೊದಲು ಯಾವುದು ಎಂದು ಸಂಜೆ ಫೋನ್ ಮಾಡಿ ತಿಳಿಸಲು ಸಹಪಾಠಿ ದಿವ್ಯಾಗೆ ಹೇಳಿದ್ದೆ. ಅವಳ ಫೋನ್ ಬಂದಾಗ ನಾನು ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದೆ. ಫೋನ್ ಎತ್ತಿದವಳು ಮಗಳು. ನಾವು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ.

“ನಾಳೈಕ್ಕು ಪರುಪ್ಪುದಾಮ್ಮಾ,” ಎಂದು ಕೂಗಿದಳು.

ಪರುಪ್ಪು ಎಂದರೆ ಬೇಳೆ. ನಾನು ಹಿಗ್ಗಿಹೋದೆ. ಬೇಳೆಯ ಬಗ್ಗೆ ಆ ತರಗತಿಯಲ್ಲಿ ನನಗಿಂತ ಹೆಚ್ಚು ಬಲ್ಲವರು ಯಾರಿದ್ದರು? ಅರ್ಧ ಜನಕ್ಕೆ ತೊಗರಿಗೂ ಕಡಲೆಗೂ ವ್ಯತ್ಯಾಸವೇ ತಿಳಿಯದು. ಆ ಕೇಸನ್ನು ಮೂರು ಸಲ ಓದಿದೆ. ಚಪ್ಪಲಿಯದರ ಮುಖವನ್ನೂ ನೋಡಲಿಲ್ಲ.

ಬೆಳಿಗ್ಗೆ ಪ್ರೊಫೆಸರ್ “ಯಾರು ಶುರು ಮಾಡುತ್ತೀರಿ?” ಎನ್ನುವುದೇ ತಡ, ನನ್ನ ಕೈ ಮೇಲಿತ್ತು. ಇಡೀ ತರಗತಿ ತಿರುಗಿ ನೋಡಿತು. ಪ್ರೊಫೆಸರಿಗಂತೂ ಪರಮಾನಂದ. ಗಿರಾಕಿಗೆ ಏನು ಬೇಕು, ಹೇಳಿ ಎಂದರು.

ಗಿರಾಕಿಯ ನಂಬಿಕೆ ಗಳಿಸಬೇಕು, ಗಾತ್ರ ಒಂದೇ ಸಮ ಇರಬೇಕು ಎಂದೆ. ಅವರು ತಲೆಯಾಡಿಸಿದರು. ಪಾಲಿಶ್ ಬಗ್ಗೆ ಏನಂತೀರಿ ಎಂದು ಕೇಳಿದರು. ತಿಳಿವಳಿಕೆ ಇರುವವರು ಈಗ ಪಾಲಿಶ್ ಮಾಡದ್ದನ್ನೇ ಕೇಳುತ್ತಾರೆ, ಅದೇ ಆರೋಗ್ಯಕ್ಕೆ ಒಳ್ಳೆಯದು ಎಂದೆ. ಆರೋಗ್ಯ ಎಂದಾಗ ಅವರ ಹುಬ್ಬು ಸ್ವಲ್ಪ ಮೇಲೇರಿತು. ಆದರೆ ಮುಂದಿನ ಬೆಂಚಿನ ಸೆಂಥಿಲ್ ಅದನ್ನೂ ಬರೆದುಕೊಂಡ.

ಗುಣಮಟ್ಟ ಪರೀಕ್ಷಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ.

“ನೀರಿನಲ್ಲಿ ನೆನೆಹಾಕಬೇಕು ಸರ್.”

ಅವರು ಖುಷಿಯಿಂದ ಬೋರ್ಡಿನ ಕಡೆ ತಿರುಗಿ ‘ಮಳೆಗಾಲದ ಪರೀಕ್ಷೆ’ ಎಂದು ದೊಡ್ಡದಾಗಿ ಬರೆದರು. ಚೆನ್ನೈಯ ನವೆಂಬರ್ ಬಲ್ಲವರು ಮಾತ್ರ ಹೀಗೆ ಯೋಚಿಸಬಲ್ಲರು ಎಂದು ಹೊಗಳಿದರು. ಬೇಳೆಗೂ ಮಳೆಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ಹೊಗಳುವವರನ್ನು ತಡೆಯುವುದೂ ಸಭ್ಯತೆಯಲ್ಲ.

“ನೆನೆಸಿದ ಮೇಲೆ?” ಎಂದರು.

“ಕುಕ್ಕರಿನಲ್ಲಿಟ್ಟು ಮೂರು ಸೀಟಿ ಹೊಡೆಸಬೇಕು ಸರ್. ಬೆಣ್ಣೆಯಂತೆ ಬೆಂದರೆ ಒಳ್ಳೆಯ ಮಾಲು.”

ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತಿತು. ಪ್ರೊಫೆಸರ್ ನಿಧಾನವಾಗಿ ತಿರುಗಿದರು.

“ಚಪ್ಪಲಿಯನ್ನೇ, ಮೇಡಂ?”

ದಿವ್ಯಾ ಫೋನಿನಲ್ಲಿ ಹೇಳಿದ್ದು ‘ಸೆರುಪ್ಪು’. ತಮಿಳಿನಲ್ಲಿ ಚಪ್ಪಲಿ. ಮಿಕ್ಸಿಯ ಸದ್ದಿನಲ್ಲಿ ಅದು ನನ್ನ ಮಗಳ ಕಿವಿಗೆ ಪರುಪ್ಪಾಗಿ ಇಳಿದಿತ್ತು. ಅರವತ್ತು ಮಂದಿ ನಕ್ಕ ಸದ್ದಿಗೆ ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ಇಣುಕಿದರು. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಕೂತೆ. ಭೂಮಿ ಬಾಯಿ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ಅದು ಬಾಯಿ ಬಿಡುವುದೇ ಇಲ್ಲ.

ಮಧ್ಯಾಹ್ನ ಕ್ಯಾಂಟೀನಿನ ಮೂಲೆಯಲ್ಲಿ, ಹಳೆಯ ಮೇಜು ಖಾಲಿ ಇದೆಯೇ ಎಂದು ಮ್ಯಾನೇಜರನ್ನು ಹೇಗೆ ಕೇಳುವುದೆಂದು ಮಾತು ಜೋಡಿಸುತ್ತಿದ್ದೆ. ಸೆಂಥಿಲ್ ತಟ್ಟೆ ಹಿಡಿದು ಬಂದು ಎದುರಿಗೇ ಕೂತ. ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲ.

“ಆಂಟಿ, ಲೆದರ್‌ಗೆ ಎತ್ತನೈ ವಿಸಿಲ್?” ಚರ್ಮಕ್ಕೆ ಎಷ್ಟು ಸೀಟಿ ಎಂಬ ಪ್ರಶ್ನೆ.

“ಅಂಜು,” ಎಂದೆ. ಐದು. ಯೋಚಿಸದೆ ಬಾಯಿಗೆ ಬಂದುಬಿಟ್ಟಿತು.

ಅವನು ಬಿದ್ದು ಬಿದ್ದು ನಕ್ಕ. ದಿವ್ಯಾ ಬಂದಳು, ಅವಳ ಹಿಂದೆ ನಾಲ್ಕು ಜನ ಕುರ್ಚಿ ಎಳೆದುಕೊಂಡು ಬಂದರು. ನನ್ನ ಡಬ್ಬಿಯ ಚಪಾತಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಖಾಲಿ. ನನಗೆ ಸಿಕ್ಕಿದ್ದು ಸೆಂಥಿಲ್ ತಟ್ಟೆಯ ಅರ್ಧ ವಡೆ. ಎರಡು ವಾರದಲ್ಲಿ ಅಷ್ಟು ರುಚಿಯಾಗಿ ನಾನು ಏನನ್ನೂ ತಿಂದಿರಲಿಲ್ಲ. ಮೇಡಂ ಅಂದೇ ತೀರಿಹೋದಳು. ಆಂಟಿ ಆಮೇಲೆ ಮಾತು ನಿಲ್ಲಿಸಲೇ ಇಲ್ಲ.

ಟರ್ಮ್ ಮುಗಿದಾಗ ಹೇಗೋ ಪಾಸಾಗಿದ್ದೆ. ಅಂಕಪಟ್ಟಿಯ ಜೊತೆ ಪ್ರೊಫೆಸರ್ ಎರಡು ವಾಕ್ಯ ಬರೆದಿದ್ದರು: ‘ಮಾತನಾಡುವ ಧೈರ್ಯ ಅಪಾರ. ವಿಷಯ ಯಾವುದೆಂದು ಕೇಳುವವರಿಗೆ ಮೊದಲೇ ತಿಳಿಸಿದರೆ ಉತ್ತಮ.’

ಯಜಮಾನರು ಅದನ್ನು ಎರಡು ಸಲ ಓದಿದರು.

“ಇದನ್ನ ನಾ ಮದವಿ ಆದ ವಾರದಾಗ ಹೇಳ್ತಿದ್ದೆ,” ಎಂದರು. “ಇದಕ್ಕ ಕಾಲೇಜು ಬೇಕಿತ್ತೇನು?”

ಕಚೇರಿಗೆ ಕಳಿಸಿದ ವರದಿಯಲ್ಲಿ ನಾನು ಮೊದಲನೆಯ ವಾಕ್ಯವನ್ನಷ್ಟೇ ನಕಲು ಮಾಡಿದೆ.