ಸಾಹೇಬರ ಪಕ್ಷಗಳು, ನಮ್ಮ ಓಣಿಯ ನಳ

ಪುಢಾರಿಗಳು ಪಕ್ಷ ಬಿಡುವುದು, ಹಿಡಿಯುವುದು ನಡೆದೇ ಇರುತ್ತದೆ. ಪ್ರತಿ ಸಲವೂ ಅದರ ಮಸಿ ನನ್ನ ಕೈಗೇ ಹತ್ತಬೇಕೆಂದು ಹಣೆಯಲ್ಲಿ ಬರೆದಿತ್ತು. ಧಾರವಾಡದಿಂದ ಬಂದ ನಾನು ಪುಣೆಯ ಸದಾಶಿವ ಪೇಠದ ಛಾಪಖಾನೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ನಮ್ಮ ಕಡೆಯವರೇ ಆದ ಸಾಹೇಬರೊಬ್ಬರು ಮುನಸಿಪಾಲಿಟಿ ಚುನಾವಣೆಗೆ ನಿಂತು, ಗೆದ್ದರೆ ನಿಮ್ಮ ಓಣಿಗೆ ನೀರಿನ ನಳ ಎಂದರು. ಕಾತ್ರಜದ ಕೆರೆಯ ನೀರು ಪೇಠದ ತೊಟ್ಟಿಯವರೆಗೆ ತಾನಾಗಿಯೇ ಹರಿದು ಬರುತ್ತಿತ್ತು. ಅಲ್ಲಿಂದ ಮನೆಗೆ ನನ್ನ ಹೆಂಡತಿ ದಿನಾ ಹತ್ತು ಕೊಡ ಹೊರುತ್ತಿದ್ದಳು. ಸಾಹೇಬರನ್ನು ನಂಬಿದೆ, ನನಗೆ ಬುದ್ಧಿ ಸಾಲದು.

೧. ಬಿಚ್ಚದ ಮೊಳೆ

ಮೊದಲ ಸಲ ಸಾಹೇಬರು ಬ್ರಿಟಿಷ್ ಸರ್ಕಾರದ ಕಡೆಯಿಂದ ಗೆದ್ದರು. ನಳ ಬರಲಿಲ್ಲ. ಮುಂದಿನ ಚುನಾವಣೆಗೆ ಖಾದಿಯವರ ಕಡೆ ಸೇರಿ, ಮೊದಲ ಸಲ ನಾನೇ ಜೋಡಿಸಿದ್ದ ಹಳೆಯ ಕರಪತ್ರ ಹಿಡಿದುಕೊಂಡೇ ಛಾಪಖಾನೆಗೆ ಬಂದರು.

"ಪಕ್ಷದ ಹೆಸರಷ್ಟ ತಗೀರಿ. ಉಳಿದದ್ದು ಹಂಗ ಇರ್ಲಿ."

"ನಳಾನೂ ಏನ್ರಿ?" ಎಂದೆ.

"ಅದಂತೂ ಇರಬೇಕು!"

ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಅವುಗಳ ಖಾನೆಗಳಿಗೆ ಹಾಕುವುದು ನಮ್ಮ ಪದ್ಧತಿ. ಮಾಲೀಕರು ತಡೆದರು. "ಇವರದ್ದು ಬಿಚ್ಚಬ್ಯಾಡ್ರಿ. ಪಕ್ಷದ ಜಾಗಾ ಖಾಲಿ ಬಿಟ್ಟು, ದಾರ ಕಟ್ಟಿ ಇಡ್ರಿ."

೨. ಕೋಟಿನ ಹೋಳಿ

ವಿಲಾಯತಿ ಬಟ್ಟೆ ಸುಡುವ ಸಭೆ. ಸಾಹೇಬರು ಮೈಮೇಲಿನ ಕೋಟು ಬಿಚ್ಚಿ ಬೆಂಕಿಗೆ ಎಸೆದರು. ಜನ ಜಯಕಾರ ಹಾಕಿದರು. ಭಾಷಣ ಬರೆದ ಕಾಗದ ಕೋಟಿನ ಕಿಸೆಯಲ್ಲೇ ಇತ್ತು. ಸಾಹೇಬರ ಬಾಯಿ ಕಟ್ಟಿತು.

ಭಾಷಣವೆಂದರೆ ಅದೇ ಕರಪತ್ರ, ನನಗೆ ಬಾಯಿಪಾಠ. ಬೆನ್ನ ಹಿಂದೆ ನಿಂತು ಒಂದೊಂದೇ ಸಾಲು ಹೇಳಿಕೊಟ್ಟೆ. ಅವರು ಗುಡುಗಿದರು. ನಡುವೆ ನಾನು ಹೇಳಿಕೊಡುವುದನ್ನು ನಿಲ್ಲಿಸಿದೆ.

"ಯಾಕ ನಿಂತ್ರಿ?" ಎಂದು ಪಿಸುಗುಟ್ಟಿದರು.

"ಇಲ್ಲಿ ಜಾಗಾ ಖಾಲಿ ಅದರಿ, ಸಾಹೇಬ್ರ. ಯಾವ ಪಕ್ಷ ಅಂತ ನೀವ ಹೇಳ್ರಿ."

೩. ಸೆರೆಮನೆಯ ಆಸೆ

ಸೆರೆಮನೆ ಕಾಣದ ಖಾದಿಗೆ ಬೆಲೆಯಿಲ್ಲವೆಂದು ಗೊತ್ತಾದ ದಿನ ಸಾಹೇಬರು ಹಾರ ಹಾಕಿಸಿಕೊಂಡು ಠಾಣೆಗೆ ಹೊರಟರು. ಹಿಂದೆ ನಾವು ಇಪ್ಪತ್ತು ಜನ. ಫೌಜದಾರರು ಬೆಳಗಾವಿ ಕಡೆಯವರು, ಎದ್ದು ಕುರ್ಚಿ ಕೊಟ್ಟರು.

"ನನ್ನ ಹಿಡೀರಿ!" ಎಂದರು ಸಾಹೇಬರು.

"ಮೊನ್ನೆ ತನಕಾ ನಮ್ಮ ಕಡೆ ಇದ್ರಿ. ನಾಳೆ ಮತ್ತ ಬರ್ತೀರಿ. ನಡುವ ಎರಡು ದಿನಕ್ಕ ಸೆರೆಮನಿ ಯಾಕ್ರಿ? ಮನೀಗೆ ಹೋಗ್ರಿ, ಊಟ ಆರ್ತದ."

೪. ಉಳಿದ ಒಂದು ಸಾಲು

ಫೌಜದಾರರ ಮಾತು ಸುಳ್ಳಾಗಲಿಲ್ಲ. ಸಾಹೇಬರು ಸರ್ಕಾರದ ಕಡೆ ಹೋದರು, ಅಲ್ಲಿಂದ ಸ್ವತಂತ್ರರಾದರು, ಮತ್ತೆ ಖಾದಿ ಉಟ್ಟರು. ಪ್ರತಿ ಸಲ ದಾರ ಬಿಚ್ಚಿದೆ, ಹೆಸರು ಕೂರಿಸಿದೆ. ಅಷ್ಟರಲ್ಲಿ ಮೊಳೆ ಸವೆದವು, ಹೆಂಡತಿಯ ಸೊಂಟವೂ ಸವೆಯಿತು. ಒಂದು ಮುಂಜಾನೆ ಕೊಡ ಇಳಿಸಲಾರದೆ ಹೊಸ್ತಿಲ ಮೇಲೇ ಕೂತಳು.

"ನಿಮ್ಮ ಕೈಲೆ ಅಚ್ಚಾದ ಸುಳ್ಳು ಇನ್ನೆಷ್ಟು ವರ್ಷ ಹೊರಲಿ?" ಎಂದಳು.

ನನಗೆ ನಾಚಿಕೆಯಾಯಿತು, ಅಳುವೂ ಬಂತು. ನೆಟ್ಟಗೆ ಛಾಪಖಾನೆಗೆ ಹೋಗಿ, ದಾರ ಬಿಚ್ಚಿ, ನಳದ ಸಾಲನ್ನೇ ಕಿತ್ತು ಹಾಕಿದೆ. ಯಾವತ್ತೂ ಕರಡು ಓದದ ಸಾಹೇಬರು ಅಂದು ಓದಿದರು. ಮುಖ ಕೆಂಪಾಯಿತು.

"ನಳ ಎಲ್ಲಿ?"

"ಹೆಂಗೂ ಬರೂದಿಲ್ಲಲ್ರಿ ಸಾಹೇಬ್ರ, ಅದಕ್ಕ ತಗದೆ."

ಸಾಹೇಬರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ನಮ್ಮ ಓಣಿಗೆ ಅವರಿಂದ ಬಂದ ನೀರು ಅಷ್ಟೇ.

"ಇಪ್ಪತ್ತು ವರ್ಷದಾಗ ಎಲ್ಲಾ ಬಿಟ್ಟೆ," ಎಂದರು. "ಬಿಡದ ಹಿಡಕೊಂಡಿದ್ದು ಅದೊಂದ ತತ್ವ. ಅದನ್ನೂ ತಗೀತೀರೇನ್ರಿ?"