ಗಾಳಿವೀರನ ನಾನೂರು ಕುರಿಗಳು ಮತ್ತು ಒಂದೇ ಎಡಗಿವಿ

‘ಗಾಳಿವೀರ: ಭಾಗ ಎರಡು’ ಚಲನಚಿತ್ರದ ನಿರ್ಮಾಪಕ ಸಂಸ್ಥೆಯ ಮಾನ್ಯರೇ,

ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಸಮೀಪದ ಹಟ್ಟಿಯಿಂದ ಕುರಿ ಕಾಯುವ ಗೋವಿಂದಪ್ಪನು ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾನು, ನನ್ನ ಕುರಿಗಳು ಹಾಗೂ ಎರಡು ನಾಯಿಗಳು ಕ್ಷೇಮ; ಅಲ್ಲಿ ತಾವೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಚಿತ್ರದುರ್ಗದಲ್ಲಿ ಬಿ.ಎ. ಓದುವ ನನ್ನ ಮಗಳು ಕೀರ್ತನಾ ಬರೆದುಕೊಳ್ಳುತ್ತಿದ್ದಾಳೆ. ಮರ್ಯಾದೆಯ ಮಾತುಗಳೆಲ್ಲ ಅವಳವು, ಸಿಟ್ಟು ಮಾತ್ರ ನನ್ನದು. ನನ್ನ ಮೊದಲ ಪತ್ರಕ್ಕೆ ತಾವು ಉತ್ತರವಾಗಿ ಒಂದು ಬಣ್ಣದ ಪೋಸ್ಟರನ್ನು ಕಳುಹಿಸಿ ಗೌರವಿಸಿದ್ದರಿಂದ, ಎರಡನೆಯದನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯಬೇಕಾಯಿತು.

ಮೊದಲು ಚಿತ್ರದ ಗುಣಗಳನ್ನು ಹೇಳಿಬಿಡುತ್ತೇನೆ, ಏಕೆಂದರೆ ಅವು ಬೇಗ ಮುಗಿಯುತ್ತವೆ. ಊರಿನ ಗಾಳಿಯನ್ನೆಲ್ಲ ಸಿಲಿಂಡರಿಗೆ ತುಂಬಿ ಮಾರಲು ಹೊರಟ ಖಳನಾಯಕರು ಬಹಳ ಚೆನ್ನಾಗಿದ್ದಾರೆ; ಅವರು ತೆರೆಗೆ ಬಂದಾಗಲೆಲ್ಲ ನಮ್ಮ ಹಟ್ಟಿಯ ಹೆಂಗಸರು ಬೈದ ಬೈಗುಳಗಳನ್ನು ಬರೆಯಲು ಕೀರ್ತನಾ ಒಪ್ಪುತ್ತಿಲ್ಲ, ಆದರೆ ಒಬ್ಬ ಕಲಾವಿದನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಾರದು. ಕೋಟೆಯ ಬಂಡೆಗಳ ಮೇಲಿನ ಹೊಡೆದಾಟವೂ ಸೊಗಸಾಗಿದೆ. ಖಳನಾಯಕರು ರಾಮಗಿರಿ ಗುಡ್ಡದ ತುದಿಯಿಂದ ನಾನೂರು ಕುರಿಗಳನ್ನು ಕೆಳಕ್ಕೆ ತಳ್ಳಿದಾಗ, ನಮ್ಮ ಗಾಳಿವೀರರು ಬಾಯಿಯಿಂದ ಊದಿ ಅವುಗಳನ್ನು ನಡುಗಾಳಿಯಲ್ಲೇ ನಿಲ್ಲಿಸಿ, ಹಗುರವಾಗಿ ನೆಲಕ್ಕಿಳಿಸುತ್ತಾರಲ್ಲ, ಆಗ ಎದ್ದ ಶಿಳ್ಳೆಗಳಲ್ಲಿ ನನ್ನದೂ ಅರ್ಧ ಶಿಳ್ಳೆ ಇತ್ತು. ಉಳಿದರ್ಧ ಬಾಯಲ್ಲೇ ಯಾಕೆ ನಿಂತಿತೆಂಬುದೇ ಈ ಪತ್ರದ ವಿಷಯ.

ಸಣ್ಣಪುಟ್ಟ ಕೊರತೆಗಳನ್ನು ದೊಡ್ಡದು ಮಾಡುವ ಜಾಯಮಾನ ನನ್ನದಲ್ಲ. ಮೊದಲ ಭಾಗದಲ್ಲಿ ತೀರಿಕೊಂಡ ವೀರರ ತಾಯಿ, ಈ ಭಾಗದಲ್ಲಿ ಅಚ್ಚು ತನ್ನಂತೆಯೇ ಇರುವ ತಂಗಿಯಾಗಿ ಬಂದು ಇನ್ನೊಮ್ಮೆ ತೀರಿಕೊಳ್ಳುತ್ತಾರೆ. ಮಗ ಅಳುವ ಹಾಡು ಮುಗಿಯುವ ತನಕ ಖಳನಾಯಕರು ಬಂದೂಕು ಹಿಡಿದು ತಾಳ್ಮೆಯಿಂದ ಕಾಯುತ್ತಾರೆ. ದುರ್ಗದಿಂದ ಹಿರಿಯೂರಿಗೆ ಹಾರುವ ವೀರರಿಗೆ ಮುಳುಗುವ ಸೂರ್ಯ ಎದುರಿಗೇ ಇರುತ್ತಾನೆ. ಆ ದಿಕ್ಕು ಹಿಡಿದವರು ಎಂಥ ವೀರರಾದರೂ ಹೊಳಲ್ಕೆರೆಗೆ ಬಂದು ಬೀಳುತ್ತಾರೆಯೇ ಹೊರತು ಹಿರಿಯೂರು ಮುಟ್ಟುವುದಿಲ್ಲ ಎಂಬುದು ಬಸ್ಸಿನಲ್ಲಿ ಓಡಾಡುವ ನಮಗೂ ಗೊತ್ತು. ಮೊದಲ ಭಾಗದಲ್ಲಿ ಕರಿಕಂಬಳಿ ಹೊದ್ದು ಹಾರಿ ನಮ್ಮ ಕಣ್ಣಲ್ಲಿ ನೀರು ತರಿಸಿದ ಮನುಷ್ಯ, ಈಗ ಗೊಬ್ಬರದ ಚೀಲದ ಒಳಗಿನ ಹಾಳೆಯಂಥದ್ದನ್ನು ಹೊದ್ದು ಹಾರುತ್ತಾರೆ. ಹೋಗಲಿ ಬಿಡಿ, ಅವರ ಮೈ, ಅವರ ಬಟ್ಟೆ.

ಆದರೆ ಕುರಿಗಳ ಮಾತು ಹಾಗಲ್ಲ. ಹೋದ ವರ್ಷದ ಕಾರ್ತಿಕದಲ್ಲಿ ತಮ್ಮವರು ಕೇಳಿದರೆಂದು ನನ್ನ ನೂರ ಹತ್ತು ಕುರಿಗಳನ್ನು ಗುಡ್ಡ ಹತ್ತಿಸಿದ್ದೆ. ಡ್ರೋನು ಗುಂಯ್ಯೆಂದ ಕೂಡಲೇ ನೂರ ಒಂಬತ್ತು ಕುರಿಗಳು ರೈಲ್ವೆ ಸ್ಟೇಷನ್ನಿನ ಕಡೆ ಓಟ ಕಿತ್ತವು. ಮೇಕಪ್ಪಿನವರ ಚಿತ್ರಾನ್ನದ ಪೊಟ್ಟಣಕ್ಕೆ ಬಾಯಿ ಹಾಕಿದ್ದ ಒಂದೇ ಒಂದು ಕುರಿ ಮಾತ್ರ ಕದಲಲಿಲ್ಲ. ದಪ್ಪ ಕನ್ನಡಕದ ಸಾಹೇಬರೊಬ್ಬರು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ ಲೆಕ್ಕವಿಲ್ಲದಷ್ಟು ಫೋಟೋ ತೆಗೆದು, ಹತ್ತು ಹೆಜ್ಜೆ ನಡೆಸಿ, ಇಷ್ಟು ಸಾಕು, ಮಿಕ್ಕಿದ್ದನ್ನು ಕಂಪ್ಯೂಟರ್ ಮಾಡಿಕೊಳ್ಳುತ್ತದೆ ಎಂದು ನನ್ನ ಬೆನ್ನು ತಟ್ಟಿ ಹೋದರು. ಅವರ ಕುರಿಪ್ರೀತಿಯನ್ನು ನಾನು ಹಟ್ಟಿಯಲ್ಲೆಲ್ಲ ಹೊಗಳಿಕೊಂಡು ತಿರುಗಿದೆ.

ಮಾನ್ಯರೇ, ಕುರಿಯವರು ಸಿನಿಮಾದಲ್ಲೂ ನಾಯಕನ ಮುಖ ನೋಡುವ ಮೊದಲು ಕುರಿಯ ಕಿವಿ ನೋಡುತ್ತಾರೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಮರಿ ಹುಟ್ಟಿ ತಿಂಗಳಾಗುವಷ್ಟರಲ್ಲಿ ಅದರ ಕಿವಿಯಂಚಿಗೆ ಒಂದೊಂದು ಮನೆಯವರೂ ತಮ್ಮ ಗುರುತಿನ ಕಚ್ಚು ಹಾಕುತ್ತೇವೆ. ಅದೇ ನಮ್ಮ ಸಹಿ, ಅದೇ ಮೊಹರು. ನಮ್ಮ ಮನೆಯದು ಎಡಗಿವಿಗೆ ಎರಡು ಕಚ್ಚು. ಪಕ್ಕದ ಮನೆಯ ಬೊಮ್ಮಕ್ಕನದು ಎಡಗಿವಿಗೆ ಒಂದೇ ಕಚ್ಚು. ಒಂದನ್ನು ಎರಡು ಮಾಡಲು ಒಂದು ಕತ್ತರಿ, ಒಂದು ಕೆಟ್ಟ ಬುದ್ಧಿ ಸಾಕು. ತಾವು ನನ್ನ ಒಂದು ಕುರಿಯನ್ನೇ ನಾನೂರು ಮಾಡಿದ್ದರಿಂದ, ತೆರೆಯ ಮೇಲೆ ತೇಲಿದ ನಾನೂರಕ್ಕೆ ನಾನೂರು ಎಡಗಿವಿಗಳಲ್ಲೂ ಎರಡೆರಡು ಕಚ್ಚುಗಳಿದ್ದವು.

ಹಟ್ಟಿಯವರ ಲೆಕ್ಕ ಸರಳವಾಗಿತ್ತು. ಗೋವಿಂದಪ್ಪನ ಕುರಿ ನೂರ ಹತ್ತು, ಸಿನಿಮಾದಲ್ಲಿರುವುದು ನಾನೂರು, ಉಳಿದವು ಯಾರವು? ಈ ಪ್ರಶ್ನೆಗೆ ಒಂದು ಹಿನ್ನೆಲೆಯೂ ಇದೆ. ಶೂಟಿಂಗಿಗೆ ಹಿಂದಿನ ಬೇಸಿಗೆಯಲ್ಲಿ ಏಳು ಮನೆಗಳ ಕುರಿಗಳನ್ನು ಒಟ್ಟು ಮಾಡಿ, ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿರುವಂತೆ, ಮೇಯಿಸಲು ಹೊಸದುರ್ಗದ ಕಡೆ ಹೊಡೆದುಕೊಂಡು ಹೋಗಿದ್ದೆ. ಆಲಿಕಲ್ಲು ಮಳೆಗೆ ಹಿಂಡು ಚದುರಿ ಬೊಮ್ಮಕ್ಕನ ಎಂಟು ಕುರಿಗಳು ಕಾಣೆಯಾದವು. ಮೂರು ದಿನ ಹುಡುಕಿ ಬರಿಗೈಯಲ್ಲಿ ಬಂದು ನಿಂತಾಗ, ಗಂಡ ಹೋದ ಮೇಲೆ ಕುರಿಗಳನ್ನೇ ನಂಬಿ ಬಾಳಿದ ಆ ಹೆಂಗಸು ಬೈಯುವುದು ಬಿಟ್ಟು ನನಗೆ ಕುಡಿಯಲು ಮಜ್ಜಿಗೆ ಕೊಟ್ಟಿದ್ದಳು. ಈಗ ಅದೇ ಬೊಮ್ಮಕ್ಕ, ಯಾರೋ ಮೊಬೈಲಿನಲ್ಲಿ ತೋರಿಸಿದ ತಮ್ಮ ಚಿತ್ರದ ತುಣುಕಿನಲ್ಲಿ ಹಣೆಗೆ ಬಿಳಿ ಮಚ್ಚೆಯಿರುವ ಕುರಿಯನ್ನು ಕಂಡು, ಇದು ನಮ್ಮದೇ ಅಲ್ಲವೇ ಎಂದು ಕೇಳಿದಳಂತೆ.

ಕಳ್ಳ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ನಾಲ್ಕು ಬೈದು ಮುಗಿಸಬಹುದಿತ್ತು. ಆದರೆ ದಿನಾ ಮೇಯಿಸಿ ಸಂಜೆ ನಾನು ಎಣಿಸಿ ಒಪ್ಪಿಸಿದ ಕುರಿಗಳನ್ನು ನೆರೆಮನೆಯವರು ನನ್ನೆದುರಿಗೇ ಮತ್ತೊಮ್ಮೆ ಎಣಿಸತೊಡಗಿದರು. ಕಂಪ್ಯೂಟರಿನ ಮಹಿಮೆಯನ್ನು ಕೀರ್ತನಾ ಮನೆಮನೆಗೆ ಹೋಗಿ ವಿವರಿಸಿದಳು. ಎಲ್ಲವನ್ನೂ ತಲೆದೂಗಿ ಕೇಳಿದ ಹಟ್ಟಿಯ ಯಜಮಾನ ಮೂರ್ತಪ್ಪ, “ಅದೆಲ್ಲ ಸರಿ ಕಣವ್ವ. ಕಂಪ್ಯೂಟ್ರು ಹುಟ್ಸಿದ ಕುರಿಗೆ ನಿಮ್ಮಪ್ಪನ ಕಚ್ಚು ಹಾಕಿದೋರ್ಯಾರು?” ಎಂದರು. ಈ ಸಲ ಹಿಂಡನ್ನು ಯಾರ ಕೈಗೆ ಒಪ್ಪಿಸಬೇಕೆಂದು ಎರಡು ವಾರ ಕಳೆದು ಬರುವ ಸೋಮವಾರ ಕೂತು ತೀರ್ಮಾನಿಸುವುದಾಗಿಯೂ ಹೇಳಿದರು. ಹಿಂಡು ಕೈತಪ್ಪಿದರೆ ಉಪವಾಸವೇನೂ ಬೀಳುವುದಿಲ್ಲ, ಆದರೆ ನೆರೆಯವರು ತಮ್ಮ ಕುರಿಗಳನ್ನು ನನ್ನನ್ನು ನಂಬಿ ಒಪ್ಪಿಸದ ಮೇಲೆ ಕುರಿಯವನೆಂದು ಹೇಳಿಕೊಂಡು ತಿರುಗುವುದಾದರೂ ಹೇಗೆ?

ಆಗಲೇ ತಮಗೆ ಮೊದಲ ಪತ್ರ ಬರೆದದ್ದು. ಕೇಳಿದ್ದು ಹೆಚ್ಚೇನೂ ಅಲ್ಲ. ಗಾಳಿವೀರರು ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಕಟ್ಟೆಗೆ ಹಾರಿಬಂದು, ಈ ನಾನೂರೂ ಒಂದೇ ಕುರಿ ಎಂದು ಸಾಕ್ಷಿ ನುಡಿಯಬೇಕು. ಹಿರಿಯೂರಿಗೆಂದು ಹೊರಟರೆ ಸಾಕು, ತಾವಾಗಿಯೇ ಈ ಕಡೆ ಬರುತ್ತಾರೆ. ಅವರಿಗೆ ಬಿಡುವಿಲ್ಲದಿದ್ದರೆ ಖಳನಾಯಕರಾದರೂ ಬರಲಿ, ಅವರ ನಟನೆ ಸಹಜವಾಗಿದ್ದುದರಿಂದ ಅವರ ಮಾತನ್ನು ನಮ್ಮವರು ಹೆಚ್ಚು ನಂಬುತ್ತಾರೆ. ಅದೂ ಆಗದಿದ್ದರೆ ತಪ್ಪು ಮಾಡಿದ ಕಂಪ್ಯೂಟರನ್ನೇ ಕಳುಹಿಸಿ, ಗುಡಿಯ ಮುಂದೆ ಕರ್ಪೂರ ಹಚ್ಚಿ ಪ್ರಮಾಣ ಮಾಡಿಸುತ್ತೇವೆ ಎಂದೂ ಬರೆದಿದ್ದೆ. ತಾವು ಪೋಸ್ಟರು ಕಳುಹಿಸಿದಿರಿ. ಅದರಲ್ಲಿ ಕಿವಿಗಳು ಇನ್ನೂ ದೊಡ್ಡದಾಗಿ ಕಾಣುತ್ತಿದ್ದವು.

ಸೋಮವಾರ ಕಟ್ಟೆಯಲ್ಲಿ ಕೂತ ಮೂರ್ತಪ್ಪ, ಕಾಣದ್ದರ ಮೇಲೆ ತೀರ್ಮಾನ ಹೇಳುವುದಿಲ್ಲ, ಬೊಮ್ಮಕ್ಕನೇ ಕಣ್ಣಾರೆ ನೋಡಲಿ ಎಂದುಬಿಟ್ಟರು. ಹೀಗಾಗಿ ನಾವು ಒಂಬತ್ತು ಜನ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ಮಧ್ಯಾಹ್ನದ ಆಟಕ್ಕೆ ಕೂತೆವು. ಬೊಮ್ಮಕ್ಕ ಸೆರಗು ಬಿಗಿದು ಮುಂದಿನ ಸಾಲಿನಲ್ಲಿ ಕೂತಳು. ಗುಡ್ಡದ ದೃಶ್ಯ ಬಂತು. ಹಿಂದೆ ನೋಡಿದವರೆಲ್ಲ ಕಿವಿ ನೋಡಿದ್ದೆವು. ಬೊಮ್ಮಕ್ಕ ಕಾಲು ನೋಡಿದಳು. ಶೂಟಿಂಗಿನ ದಿನ ನನ್ನ ಆ ಚಿತ್ರಾನ್ನದ ಕುರಿಯ ಬಲ ಮುಂಗಾಲಿಗೆ ಜಾಲಿಮುಳ್ಳು ನೆಟ್ಟಿತ್ತು, ಮರುದಿನ ಕಿತ್ತುಹಾಕಿ ಮರೆತಿದ್ದೆ. ತೆರೆಯ ಮೇಲೆ ನಾನೂರು ಕುರಿಗಳೂ ಒಂದೇ ಸಲಕ್ಕೆ ಬಲ ಮುಂಗಾಲು ಎತ್ತಿ ಕುಂಟಿದವು, ಒಂದೇ ಸಲಕ್ಕೆ ತಲೆ ತಿರುಗಿಸಿದವು. ನಡುವೆ ಒಂದೂ ಮರಿಯಿಲ್ಲ, ಒಂದೂ ಟಗರಿಲ್ಲ.

ಆಟ ಬಿಟ್ಟ ಮೇಲೆ ಚಿತ್ರಮಂದಿರದ ಮೆಟ್ಟಿಲ ಮೇಲೆ ಬೊಮ್ಮಕ್ಕ, ಎಲ್ಲರೂ ಕೇಳುವ ಹಾಗೆ, “ಇವು ನಮ್ಮವಲ್ಲ ಗೋವಿಂದಪ್ಪ. ಇವು ಯಾರವೂ ಅಲ್ಲ,” ಎಂದಳು. ಮೂರ್ತಪ್ಪ ಅಲ್ಲೇ, ಈ ಸಲವೂ ಹಿಂಡು ನಿನ್ನದೇ ಹೊಣೆ ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ನನಗೆ ಹೋದ ಜೀವ ಬಂದಂತಾಯಿತು. ತಿರುಗಿ ನೋಡಿದರೆ ಬೊಮ್ಮಕ್ಕ ಮೆಟ್ಟಿಲ ಮೇಲೆ ಕುಸಿದು ಅಳುತ್ತಿದ್ದಳು. “ಒಂದು ತಿಂಗ್ಳಿಂದ ಎಲ್ಲೋ ಬದುಕ್ಯಾವೆ ಅಂತ ಇದ್ನಪ್ಪ. ನೀನೇ ಕದ್ದಿದ್ರೂ ಆಗ್ತಿತ್ತು,” ಎಂದಳು.

ನನಗೂ ಆ ಗಳಿಗೆಯಲ್ಲಿ, ಕದ್ದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತಮ್ಮ ಚಿತ್ರದ ಅತಿ ದೊಡ್ಡ ದೋಷವೇ ನನ್ನ ಮಾನ ಉಳಿಸಿತು, ಅದಕ್ಕೆ ನಾನು ಕೃತಜ್ಞ. ಆದರೆ ಬೊಮ್ಮಕ್ಕನ ಕುರಿಗಳು ಒಮ್ಮೆ ನನ್ನ ಕೈಯಲ್ಲಿ ಕಳೆದುಹೋಗಿದ್ದವು, ಈಗ ತಮ್ಮ ಕೈಯಲ್ಲಿ ಎರಡನೇ ಸಲ ಕಳೆದುಹೋದವು. ಆದ್ದರಿಂದ ನನ್ನ ಹಳೆಯ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದು ಒಂದೇ ಒಂದನ್ನು ಕೇಳುತ್ತೇನೆ: ಒಂದನ್ನು ನಾನೂರು ಮಾಡಬಲ್ಲ ತಾವು ಎಂಟು ಕುರಿಗಳನ್ನು ಬೊಮ್ಮಕ್ಕನ ಮನೆಗೆ ಕಳುಹಿಸಿಕೊಡಬೇಕು. ಹಾರುವ ಅಗತ್ಯವಿಲ್ಲ. ಮೇಯಬೇಕು, ಮರಿ ಹಾಕಬೇಕು, ಸಂಜೆ ಅವಳು ಕರೆದರೆ ತಿರುಗಿ ನೋಡಬೇಕು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಗೋವಿಂದಪ್ಪ

ಮರೆತ ಮಾತು: ತಮ್ಮ ಚಿತ್ರದಲ್ಲಿ ನಟಿಸಿದ ಕುರಿ ಮೊನ್ನೆ ಅವಳಿ ಮರಿ ಹಾಕಿದೆ. ಒಂದು ಕಪ್ಪು, ಇನ್ನೊಂದು ಕಂದು. ಒಂದು ಸಾಧು, ಇನ್ನೊಂದು ಮಹಾ ತಂಟೆಕೋರ. ಎರಡನೆಯದನ್ನು ಮೊದಲನೆಯದರ ನಕಲು ಮಾಡದೆ ಹೆರುವುದು ಹೇಗೆಂದು ಕಲಿಯುವ ಮನಸ್ಸಿದ್ದರೆ, ಮೂರನೇ ಭಾಗಕ್ಕೆ ಕೈಹಾಕುವ ಮೊದಲು ತಮ್ಮ ಕಥೆಗಾರರನ್ನು ಒಂದು ವಾರ ಆ ತಾಯಿಕುರಿಯ ಬಳಿಗೆ ಕಳುಹಿಸಿಕೊಡುವುದು.